ಬೆವರಿಗೆ ಎಷ್ಟೊಂದು ಹೆಸರು! ಚರ್ಮದ ವಿದ್ಯುತ್ ಅಳತೆಯ ಪದಗಳನ್ನು ಬಿಡಿಸಿ ಓದುವ ಬಗೆ

“ತಟ್ಟೆ ಬಿದ್ದ ಸದ್ದಿಗೆ ಜಿಎಸ್‌ಆರ್ ಕಡಿಮೆ ಆಯಿತು.”

ಅಣ್ಣನ ಮಗಳ ಪ್ರಾಜೆಕ್ಟ್ ವರದಿಯಲ್ಲಿದ್ದ ಸಾಲು ಇದು. ಅವಳು ಸೈಕಾಲಜಿ ಓದುತ್ತಿದ್ದಾಳೆ. ಗೆಳತಿಯ ಎರಡು ಬೆರಳಿಗೆ ಸೆನ್ಸರ್ ಕಟ್ಟಿ, ಹಿಂದಿನಿಂದ ಸ್ಟೀಲ್ ತಟ್ಟೆ ಬೀಳಿಸಿ, ಆರ್ಡುಯಿನೋ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡು ತೋರಿಸಿದ ಅಂಕಿ ಬರೆದುಕೊಂಡಿದ್ದಳು. ಗೆಳತಿ ಬೆಚ್ಚಿಬಿದ್ದಳು. ಅಂಕಿ ಇಳಿಯಿತು. ಆದರೆ ಅವಳ ಪಠ್ಯಪುಸ್ತಕದಲ್ಲಿ ಬೆಚ್ಚಿದಾಗ ಗೆರೆ ಮೇಲಕ್ಕೆ ಏರುವ ಚಿತ್ರ ಇದೆ. “ವೈರ್ ಉಲ್ಟಾ ಹಾಕಿದ್ದೀನಾ ಚಿಕ್ಕಪ್ಪ?” ಅಂತ ಕೇಳಿದಳು.

ವೈರ್ ಸರಿಯಾಗೇ ಇತ್ತು. ಸೆನ್ಸರ್ ಸರಿ, ಪುಸ್ತಕವೂ ಸರಿ. ಎಡವಟ್ಟು ಆಗಿದ್ದು ಚರ್ಮದ ವಿದ್ಯುತ್ ಅಳತೆಗೆ ಇಟ್ಟ ‘ಜಿಎಸ್‌ಆರ್’ ಅನ್ನುವ ಪದದಲ್ಲಿ. ಪುಸ್ತಕ ಅದೇ ಪದದಿಂದ ಒಂದನ್ನು ಹೇಳುತ್ತಿತ್ತು, ಸೆನ್ಸರ್ ಬೋರ್ಡು ಅದರ ವಿರುದ್ಧವಾದ ಇನ್ನೊಂದನ್ನು ತೋರಿಸುತ್ತಿತ್ತು.

ಈ ವಿಷಯದಲ್ಲಿ ಹೆಸರುಗಳ ಜಾತ್ರೆಯೇ ಇದೆ. ಜಿಎಸ್‌ಆರ್, ಇಡಿಎ, ಪಿಜಿಆರ್, ಎಸ್‌ಸಿಎಲ್, ಎಸ್‌ಸಿಆರ್, ಎಸ್‌ಪಿಆರ್, ಎಸ್‌ಎಸ್‌ಆರ್. ಮೊದಲ ಸಲ ನೋಡಿದವರಿಗೆ ತಲೆ ಗಿರ್ ಅನ್ನುತ್ತದೆ. ಬಾಯಿಪಾಠ ಮಾಡಲು ಹೋಗಬೇಡಿ. ಮೂರ್ನಾಲ್ಕು ಪ್ರಶ್ನೆ ಕೇಳುವ ಅಭ್ಯಾಸ ಆದರೆ ಸಾಕು, ಹೆಸರುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಹೆಜ್ಜೆ 1: ಚರ್ಮದೊಳಗೆ ಏನಾಗುತ್ತದೆ ಅನ್ನುವುದು ಕಣ್ಣ ಮುಂದಿರಲಿ

ಹೆದರಿದಾಗ ಅಂಗೈ ಬೆವರುತ್ತದೆ. ಇದನ್ನು ತಿಳಿಯಲು ಲ್ಯಾಬ್ ಬೇಕಿಲ್ಲ, ಇಂಟರ್‌ವ್ಯೂಗೆ ಹೋದವರಿಗೆಲ್ಲ ಗೊತ್ತು. ನಾಟ್ಯಶಾಸ್ತ್ರ ಎಂಟು ಸಾತ್ವಿಕ ಭಾವಗಳನ್ನು ಪಟ್ಟಿ ಮಾಡುವಾಗ ರೋಮಾಂಚ, ನಡುಕ, ಕಣ್ಣೀರಿನ ಜೊತೆ ಸ್ವೇದವನ್ನೂ ಸೇರಿಸಿದೆ. ಸ್ವೇದ ಅಂದರೆ ಬೆವರೇ. ನಟ ಬೇಕೆಂದಾಗ ಕೈ ಎತ್ತಬಹುದು, ಹುಬ್ಬು ಹಾರಿಸಬಹುದು. ಬೆವರು ಹಾಗಲ್ಲ, ಮನಸ್ಸು ಅದರಲ್ಲಿ ಮುಳುಗಿದರೆ ಮಾತ್ರ ಬರುತ್ತದೆ. ಚರ್ಮಕ್ಕೆ ತಂತಿ ಕಟ್ಟಿದವರೂ ಇದೇ ಕಾರಣಕ್ಕೆ ಬೆವರಿನ ಬೆನ್ನು ಹತ್ತಿದರು.

ನಮ್ಮ ಮೈಯಲ್ಲಿ ಸುಮಾರು 20ರಿಂದ 50 ಲಕ್ಷ ಬೆವರು ಗ್ರಂಥಿಗಳಿವೆ. ನಮಗೆ ಇಲ್ಲಿ ಬೇಕಾದವು ಎಕ್ರೈನ್ ಗ್ರಂಥಿಗಳು. ಇವು ಅಂಗೈ, ಅಂಗಾಲಿನಲ್ಲಿ ಒತ್ತೊತ್ತಾಗಿವೆ. ಮೈಯ ಬೇರೆ ಕಡೆ ಇರುವವು ಮುಖ್ಯವಾಗಿ ಸೆಕೆಗೆ ಬೆವರಿದರೆ, ಅಂಗೈ ಅಂಗಾಲಿನವು ಮನಸ್ಸಿನ ಏರುಪೇರಿಗೂ ಚೆನ್ನಾಗಿ ಸ್ಪಂದಿಸುತ್ತವೆ. ಇವುಗಳಿಗೆ ಅಪ್ಪಣೆ ಕೊಡುವುದು ಸಿಂಪಥೆಟಿಕ್ ನರಗಳು. ಎದೆ ಢವಢವ ಅನ್ನಿಸುವುದೂ ಅವೇ.

ಬೆವರು ಉಪ್ಪುನೀರು, ಅದರಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಚರ್ಮದ ಮೇಲ್ಪದರ ಒಣ ತೊಗಲು, ಅದು ಕರೆಂಟನ್ನು ತಡೆಯುತ್ತದೆ. ಬೆವರಿನ ನಾಳದಲ್ಲಿ ಉಪ್ಪುನೀರು ಮೇಲೇರುತ್ತಿದ್ದಂತೆ ಆ ಒಣ ಪದರದ ನಡುವೆ ಕರೆಂಟಿಗೆ ದಾರಿ ತೆರೆಯುತ್ತದೆ. ಕೈ ಒದ್ದೆಯಾಗಿ ಕಾಣಬೇಕೆಂದಿಲ್ಲ. ನಾಳ ಅರ್ಧ ತುಂಬಿದರೂ ಉಪಕರಣಕ್ಕೆ ಗೊತ್ತಾಗುತ್ತದೆ.

ಹೆಜ್ಜೆ 2: ಒಟ್ಟಾರೆ ಹೆಸರು ಒಂದೇ ಇರಲಿ, ಅದು ಇಡಿಎ

ಇಡಿಎ ಅಂದರೆ ಎಲೆಕ್ಟ್ರೋಡರ್ಮಲ್ ಆಕ್ಟಿವಿಟಿ. ಚರ್ಮದ ವಿದ್ಯುತ್ ಚಟುವಟಿಕೆ, ಅಷ್ಟೇ. ಯಾವ ವಿಧಾನದಲ್ಲಿ ಅಳೆದರೂ, ಏನನ್ನು ಅಳೆದರೂ ಈ ಕೊಡೆಯ ಕೆಳಗೆ ಬರುತ್ತದೆ. 1966ರಲ್ಲಿ ಜಾನ್ಸನ್ ಮತ್ತು ಲುಬಿನ್ ಎಂಬ ಸಂಶೋಧಕರು ಈ ಹೆಸರನ್ನು ಮುಂದಿಟ್ಟರು.

ಅದಕ್ಕೆ ಮುಂಚೆ? ಸ್ವಿಟ್ಜರ್ಲೆಂಡಿನ ನರವೈದ್ಯ ಒಟ್ಟೊ ವೆರಗುತ್ 20ನೇ ಶತಮಾನದ ಮೊದಲ ದಶಕದಲ್ಲಿ ಇದನ್ನು ಸೈಕೋಗ್ಯಾಲ್ವಾನಿಕ್ ರಿಫ್ಲೆಕ್ಸ್ ಅಂದ. ಹಳೇ ಪುಸ್ತಕಗಳ ಪಿಜಿಆರ್ ಇದೇ. ಅದೇ ಕಾಲದಲ್ಲಿ ಮನೋವೈದ್ಯ ಕಾರ್ಲ್ ಯೂಂಗ್ ಒಂದೊಂದೇ ಪದ ಹೇಳುತ್ತ, ಯಾವ ಪದಕ್ಕೆ ಕರೆಂಟ್ ಅಳೆಯುವ ಗ್ಯಾಲ್ವನೋಮೀಟರಿನ ಮುಳ್ಳು ಅಲ್ಲಾಡುತ್ತದೆ ಎಂದು ನೋಡುತ್ತಿದ್ದ. ಆಮೇಲೆ ಬಂದದ್ದು ಗ್ಯಾಲ್ವಾನಿಕ್ ಸ್ಕಿನ್ ರೆಸ್ಪಾನ್ಸ್, ಅಂದರೆ ನಮ್ಮ ಜಿಎಸ್‌ಆರ್. ನೂರು ವರ್ಷ ಆದರೂ ಸೆನ್ಸರ್ ಮಾರುವವರ ಬಾಯಲ್ಲಿ ಅದೇ ಉಳಿದಿದೆ.

ನನಗೆ ಜಿಎಸ್‌ಆರ್ ಪದದ ಮೇಲೆ ಮೂರು ತಕರಾರು ಇದೆ. ‘ಗ್ಯಾಲ್ವಾನಿಕ್’ ಅಂದರೆ ಚರ್ಮ ಒಂದು ಬ್ಯಾಟರಿ ಸೆಲ್ ಅನ್ನುವ ಹಾಗೆ ಕೇಳಿಸುತ್ತದೆ, ಅದು ಹಾಗಲ್ಲ. ‘ರೆಸ್ಪಾನ್ಸ್’ ಅನ್ನುತ್ತಾರೆ, ಆದರೆ ಯಾವ ಪ್ರಚೋದನೆಯೂ ಇಲ್ಲದೆ ಸುಮ್ನೆ ಕೂತವರ ಅಳತೆಯನ್ನೂ ಇದೇ ಹೆಸರಿನಲ್ಲಿ ಕರೆಯುತ್ತಾರೆ. ಮೂರನೆಯದು ದೊಡ್ಡದು. ಅಳೆದದ್ದು ರೋಧವೋ (ಕರೆಂಟಿಗೆ ಎಷ್ಟು ಅಡ್ಡಿ), ವಾಹಕತೆಯೋ (ಕರೆಂಟ್ ಎಷ್ಟು ಸಲೀಸು), ವಿಭವವೋ (ವೋಲ್ಟೇಜ್) ಎಂದು ಈ ಹೆಸರು ಹೇಳುವುದೇ ಇಲ್ಲ. ರೋಧ ಏರಿದರೆ ವಾಹಕತೆ ಇಳಿಯುತ್ತದೆ. ಹಾಗಿರುವಾಗ ‘ಜಿಎಸ್‌ಆರ್ ಕಡಿಮೆ ಆಯಿತು’ ಎಂಬ ಮಾತಿಗೆ ಏನರ್ಥ? ಎರಡೂ ಅರ್ಥ ಬರುತ್ತದೆ ಅಲ್ವಾ?

ಯಾರಾದರೂ ಜಿಎಸ್‌ಆರ್ ಅಂದರೆ ತಿದ್ದಲು ಹೋಗಬೇಡಿ, ಜಗಳವಾಗುತ್ತದೆ. “ಯಾವ ಯೂನಿಟ್?” ಎಂದು ಕೇಳಿ. ಉತ್ತರ ಓಮ್‌ನಲ್ಲಿ ಬಂದರೆ ರೋಧ. ಸೀಮೆನ್ಸ್‌ನಲ್ಲಿ ಬಂದರೆ ವಾಹಕತೆ. ಮಿಲಿವೋಲ್ಟ್‌ನಲ್ಲಿ ಬಂದರೆ ವಿಭವ. “ಯೂನಿಟ್ ಇಲ್ಲ, 437 ಅಂತ ಬರುತ್ತೆ” ಅಂದರೆ ಅದು ಆರ್ಡುಯಿನೋದ 0ಯಿಂದ 1023ರ ಒಳಗಿನ ಕಚ್ಚಾ ಅಂಕಿ. ಅದನ್ನು ಬೋರ್ಡಿನ ಸೂತ್ರಕ್ಕೆ ಹಾಕಿ ಬೇಯಿಸಿದ ಮೇಲೆ ಬಡಿಸಬೇಕು. ನಮ್ಮ ಹುಡುಗಿಯ ಬೋರ್ಡಿನಲ್ಲಿ ಈ ಕಚ್ಚಾ ಅಂಕಿ ರೋಧದ ಜೊತೆ ಏರಿ ಇಳಿಯುತ್ತಿತ್ತು. ಗೆಳತಿ ಬೆಚ್ಚಿದಳು, ಬೆವರಿದಳು, ರೋಧ ಇಳಿಯಿತು, ಅಂಕಿ ಇಳಿಯಿತು. ಪುಸ್ತಕದ ಚಿತ್ರ ವಾಹಕತೆಯದು, ಅದಕ್ಕೇ ಏರುತ್ತಿತ್ತು.

ಹೆಜ್ಜೆ 3: ಕರೆಂಟ್ ಯಾರದ್ದು ಅಂತ ಕೇಳಿ

ಎಲೆಕ್ಟ್ರಿಷಿಯನ್ ಮನೆಗೆ ಬಂದಾಗ ಎರಡು ಥರ ಪರೀಕ್ಷೆ ಮಾಡುವುದನ್ನು ನೋಡಿರುತ್ತೀರಿ. ಸಾಕೆಟ್ಟಿಗೆ ಟೆಸ್ಟರ್ ಹಿಡಿದು ಕರೆಂಟ್ ಇದೆಯಾ ನೋಡುತ್ತಾನೆ. ಅಲ್ಲಿರುವುದನ್ನೇ ನೋಡುವುದು ಇದು. ಇನ್ನೊಮ್ಮೆ ಕಳಚಿಟ್ಟ ವೈರಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು, ಮೀಟರಿನ ಬ್ಯಾಟರಿಯಿಂದಲೇ ಚೂರು ಕರೆಂಟ್ ಹರಿಸಿ, ವೈರ್ ತುಂಡಾಗಿದೆಯಾ ಎಂದು ನೋಡುತ್ತಾನೆ.

ಚರ್ಮಕ್ಕೂ ಇವೇ ಎರಡು ವಿಧಾನ. ಹೊರಗಿನಿಂದ ಏನೂ ಹರಿಸದೆ ಚರ್ಮದ್ದೇ ವಿಭವವನ್ನು ಅಳೆದರೆ ಅದು ಎಂಡೋಸೊಮ್ಯಾಟಿಕ್. ಹೊರಗಿನಿಂದ ಚೂರೇ ಚೂರು ಕರೆಂಟ್ ಹರಿಸಿ ಚರ್ಮ ಎಷ್ಟು ಬಿಡುತ್ತದೆ ಎಂದು ನೋಡಿದರೆ ಎಕ್ಸೋಸೊಮ್ಯಾಟಿಕ್. ಎಂಡೋ ಅಂದರೆ ಒಳಗಿನದು, ಎಕ್ಸೋ ಅಂದರೆ ಹೊರಗಿನದು, ಸೋಮ ಅಂದರೆ ಮೈ. ಗ್ರೀಕ್ ಅಷ್ಟು ಬಂದರೆ ಸಾಕು.

ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದವು. 1888ರಲ್ಲಿ ಫ್ರಾನ್ಸಿನ ಷಾರ್ಲ್ ಫೆರೆ ಹೊರಗಿನ ಕರೆಂಟ್ ಹರಿಸಿ, ಭಾವನೆ ಕೆರಳಿದಾಗ ಚರ್ಮದ ರೋಧ ಇಳಿಯುವುದನ್ನು ತೋರಿಸಿದ. ಅದಾದ ಒಂದೆರಡು ವರ್ಷದೊಳಗೆ, ಜಾರ್ಜಿಯಾ ಮೂಲದ ಇವಾನ್ ತಾರ್ಖಾನೋವ್ ಹೊರಗಿನ ಕರೆಂಟ್ ಇಲ್ಲದೆಯೇ ಚರ್ಮದ ವಿಭವ ಬದಲಾಗುವುದನ್ನು ತೋರಿಸಿದ.

ಇವತ್ತು ನಿಮ್ಮ ಕೈಗೆ ಸಿಗುವ ಬಹುತೇಕ ಉಪಕರಣಗಳು ಎಕ್ಸೋಸೊಮ್ಯಾಟಿಕ್. ಹೊರಗಿನ ಕರೆಂಟ್ ಡಿಸಿ ಆದರೆ ರೋಧ ಅಥವಾ ವಾಹಕತೆ ಅಳೆಯಬಹುದು. ಎಸಿ ಆದರೆ ಅವಕ್ಕೆ ಇಂಪಿಡೆನ್ಸ್, ಅಡ್ಮಿಟೆನ್ಸ್ ಎಂಬ ಹೆಸರು ಬರುತ್ತದೆ. ಎಸಿಯ ಗೋಜು ಸದ್ಯಕ್ಕೆ ಬೇಡ.

ಹೆಜ್ಜೆ 4: ಮೂರಕ್ಷರದ ಬೀಗ ತೆಗೆಯಿರಿ

ಅಕ್ಷರಗಳ ಕಾಟ ನಿಜವಾಗಿ ಇಲ್ಲಿ ಮುಗಿಯುತ್ತದೆ. ಎಸ್‌ಸಿಎಲ್, ಎಸ್‌ಸಿಆರ್, ಎಸ್‌ಆರ್‌ಎಲ್, ಎಸ್‌ಪಿಆರ್ ಇವೆಲ್ಲ ಒಂದೇ ಅಚ್ಚಿನವು.

ಮೊದಲ ಅಕ್ಷರ ಎಸ್. ಸ್ಕಿನ್, ಅಂದರೆ ಚರ್ಮ.

ನಡುವಿನ ಅಕ್ಷರ ಏನನ್ನು ಅಳೆದರು ಅನ್ನುವುದು. ಸಿ ಇದ್ದರೆ ಕಂಡಕ್ಟೆನ್ಸ್, ವಾಹಕತೆ. ಆರ್ ಇದ್ದರೆ ರೆಸಿಸ್ಟೆನ್ಸ್, ರೋಧ. ಪಿ ಇದ್ದರೆ ಪೊಟೆನ್ಷಿಯಲ್, ವಿಭವ. ಅಪರೂಪಕ್ಕೆ ಝಡ್ ಕಂಡರೆ ಇಂಪಿಡೆನ್ಸ್, ವೈ ಕಂಡರೆ ಅಡ್ಮಿಟೆನ್ಸ್.

ಕೊನೆಯ ಅಕ್ಷರ ಎಲ್ ಅಥವಾ ಆರ್. ಎಲ್ ಅಂದರೆ ಲೆವೆಲ್, ಮಟ್ಟ. ಆರ್ ಅಂದರೆ ರೆಸ್ಪಾನ್ಸ್, ಆ ಕ್ಷಣಕ್ಕೆ ಎದ್ದ ಅಲೆ.

ಆರ್ ಎರಡು ಕಡೆ ಬರುತ್ತದೆ, ಹುಷಾರು. ನಡುವೆ ಬಂದರೆ ರೋಧ, ಕೊನೆಗೆ ಬಂದರೆ ರೆಸ್ಪಾನ್ಸ್. ಎಸ್‌ಆರ್‌ಆರ್ ಅಂದರೆ ಚರ್ಮದ ರೋಧದ ರೆಸ್ಪಾನ್ಸ್. ಎರಡೇ ಅಕ್ಷರ ಇದ್ದು ಎಸ್‌ಸಿ ಅಂತ ಬರೆದಿದ್ದರೆ ಮಟ್ಟ, ಅಲೆ ಬೇರೆ ಮಾಡದ ಒಟ್ಟು ವಾಹಕತೆ.

ಈಗ ನೀವೇ ಒಂದನ್ನು ಬಿಡಿಸಿ: ಎಸ್‌ಪಿಎಲ್. ಚರ್ಮ, ವಿಭವ, ಮಟ್ಟ. ಯೂನಿಟ್ ಮಿಲಿವೋಲ್ಟ್. ಹೊರಗಿನ ಕರೆಂಟ್ ಬೇಕಿಲ್ಲ, ಆದ್ದರಿಂದ ಎಂಡೋಸೊಮ್ಯಾಟಿಕ್. ಮೂರು ಅಕ್ಷರದಿಂದ ಇಷ್ಟು ಗೊತ್ತಾಯಿತು ನೋಡಿ. ಸಾಮಾನ್ಯವಾಗಿ ಅಂಗೈಯ ವಿಭವ ಮುಂಗೈಯ ಒಳಬದಿಗೆ ಹೋಲಿಸಿದರೆ ಮೈನಸ್‌ನಲ್ಲಿ ಇರುತ್ತದೆ. ಎಸ್‌ಪಿಆರ್ ಅಲೆಯಂತೂ ಒಮ್ಮೆ ಕೆಳಗೆ, ಒಮ್ಮೆ ಮೇಲೆ, ಕೆಲವೊಮ್ಮೆ ಎರಡೂ ಕಡೆ ಹೋಗಿಬರುತ್ತದೆ. ಓದಲು ತ್ರಾಸು. ವಾಹಕತೆ ಜನಪ್ರಿಯ ಆಗಿದ್ದಕ್ಕೆ ಇದೂ ಒಂದು ಕಾರಣ.

ಹೆಜ್ಜೆ 5: ರೋಧ ಬೇಡ, ವಾಹಕತೆ ಯಾಕೆ? ಒಂದು ಲೆಕ್ಕ ಹಾಕಿ ನೋಡೋಣ

ಎರಡೂ ಒಂದೇ ನಾಣ್ಯದ ಎರಡು ಮುಖ ತಾನೇ, ಯಾವುದಾದರೇನು ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ಲೆಕ್ಕ ಹಾಕುವ ತನಕ.

ಮೊದಲು ಯೂನಿಟ್. ರೋಧವನ್ನು ಓಮ್‌ನಲ್ಲಿ ಅಳೆಯುತ್ತಾರೆ. ವಾಹಕತೆ ಅದರ ತಲೆಕೆಳಗು, ಹಾಗಾಗಿ ಹಿಂದೆ ಓಮ್ ಪದವನ್ನೇ ತಿರುಗಿಸಿ ‘ಮ್ಹೋ’ ಅನ್ನುತ್ತಿದ್ದರು. ತಮಾಷೆ ಅಲ್ಲ, ನಿಜ. 1971ರಲ್ಲಿ ಅಧಿಕೃತವಾಗಿ ಸೀಮೆನ್ಸ್ ಎಂಬ ಹೆಸರು ಬಂತು. ಹಳೇ ಪ್ರಬಂಧದಲ್ಲಿ ಮೈಕ್ರೊಮ್ಹೋ ಕಂಡರೆ ಗಾಬರಿ ಬೇಡ, ಅದು ಮೈಕ್ರೊಸೀಮೆನ್ಸ್ ಅಷ್ಟೇ. ಚರ್ಮದ ವಾಹಕತೆ ತೀರಾ ಕಡಿಮೆ, ಆದ್ದರಿಂದ ಸೀಮೆನ್ಸಿನ ಹತ್ತು ಲಕ್ಷದ ಒಂದು ಭಾಗವಾದ ಮೈಕ್ರೊಸೀಮೆನ್ಸೇ ಇಲ್ಲಿನ ಚಿಲ್ಲರೆ.

ಬದಲಾಯಿಸುವ ಸೂತ್ರ ಸುಲಭ. 1000ವನ್ನು ಕಿಲೋಓಮ್‌ನಿಂದ ಭಾಗಿಸಿ, ಮೈಕ್ರೊಸೀಮೆನ್ಸ್ ಸಿಗುತ್ತದೆ. 100 ಕಿಲೋಓಮ್ ಅಂದರೆ 10 ಮೈಕ್ರೊಸೀಮೆನ್ಸ್. 200 ಕಿಲೋಓಮ್ ಅಂದರೆ 5.

ಈಗ ಇಬ್ಬರನ್ನು ಕೂರಿಸೋಣ. ಒಬ್ಬರ ಅಂಗೈ ಒಣ, ವಾಹಕತೆ 2 ಮೈಕ್ರೊಸೀಮೆನ್ಸ್. ಇನ್ನೊಬ್ಬರದು ಸದಾ ಹಸಿ, 10 ಮೈಕ್ರೊಸೀಮೆನ್ಸ್. ತಟ್ಟೆ ಬೀಳಿಸಿ. ಇಬ್ಬರಲ್ಲೂ ಸರಿಯಾಗಿ ಅರ್ಧ ಮೈಕ್ರೊಸೀಮೆನ್ಸ್ ಏರಿತು ಅನ್ನಿ. ಬೆವರಿನ ಲೆಕ್ಕದಲ್ಲಿ ಇಬ್ಬರೂ ಸಮಾನವಾಗಿ ಬೆಚ್ಚಿದ್ದಾರೆ.

ಇದನ್ನೇ ರೋಧದಲ್ಲಿ ಬರೆಯಿರಿ. ಮೊದಲನೆಯವರು 500 ಕಿಲೋಓಮ್‌ನಿಂದ 400ಕ್ಕೆ ಇಳಿದರು, ವ್ಯತ್ಯಾಸ 100. ಎರಡನೆಯವರು 100ರಿಂದ 95.2ಕ್ಕೆ ಇಳಿದರು, ವ್ಯತ್ಯಾಸ ಬರೀ 4.8. ಓಮ್ ನೋಡಿದವರು ಏನು ಬರೆಯುತ್ತಾರೆ? “ಮೊದಲನೆಯವರು ಇಪ್ಪತ್ತು ಪಟ್ಟು ಜಾಸ್ತಿ ಬೆಚ್ಚಿದರು.” ಶುದ್ಧ ಸುಳ್ಳು!

ಯಾಕೆ ಹೀಗೆ? ಎಸ್ಸೆಸ್ಸೆಲ್ಸಿಯಲ್ಲಿ ಓದಿದ ಸಮಾಂತರ ಜೋಡಣೆ ನೆನಪಿದೆಯಾ? ಒಂದೊಂದು ಬೆವರು ನಾಳವೂ ಒಂದೊಂದು ರೋಧಕ ಇದ್ದಂತೆ, ಎಲ್ಲವೂ ಅಕ್ಕಪಕ್ಕ ಸಮಾಂತರವಾಗಿ ನಿಂತಿವೆ. ಸಮಾಂತರ ಜೋಡಣೆಯಲ್ಲಿ ರೋಧಗಳನ್ನು ಹಾಗೇ ಕೂಡಲು ಆಗುವುದಿಲ್ಲ, ವಾಹಕತೆಗಳನ್ನು ಕೂಡಬಹುದು. ಹತ್ತು ನಾಳ ತುಂಬಿದರೆ ಹತ್ತು ನಾಳದಷ್ಟು ವಾಹಕತೆ ಕೂಡುತ್ತದೆ, ಮೊದಲೇ ಎಷ್ಟು ತುಂಬಿದ್ದವು ಅನ್ನುವುದು ಅಡ್ಡ ಬರುವುದಿಲ್ಲ. 1971ರಲ್ಲಿ ಲಿಕ್ಕೆನ್ ಮತ್ತು ವೆನೆಬಲ್ಸ್ ಎಂಬ ಇಬ್ಬರು ವಾಹಕತೆಯನ್ನು ನೇರವಾಗಿ ಅಳೆಯಿರಿ ಎಂದು ಬಲವಾಗಿ ವಾದಿಸಿದರು. ಚರ್ಮದ ಮೇಲೆ ಸದಾ 0.5 ವೋಲ್ಟ್ ಇಟ್ಟು, ಹರಿದ ಕರೆಂಟ್ ಎಷ್ಟೆಂದು ನೋಡುವ ವಿಧಾನ ಇವತ್ತಿಗೂ ವಾಡಿಕೆಯಲ್ಲಿದೆ. ವರದಿಯಲ್ಲಿ ‘ಕಾನ್‌ಸ್ಟೆಂಟ್ ವೋಲ್ಟೇಜ್’ ಎಂದು ಕಂಡರೆ ಇದೇ. ಹೆದರಬೇಡಿ, 10 ಮೈಕ್ರೊಸೀಮೆನ್ಸ್ ಇದ್ದವರಲ್ಲಿ ಹರಿಯುವುದು 5 ಮೈಕ್ರೊಆಂಪಿಯರ್. ಗೊತ್ತೇ ಆಗುವುದಿಲ್ಲ.

ಇನ್ನೊಂದು ಗುಂಡಿ ಇದೆ, ನಮ್ಮ ಹುಡುಗಿ ಅದಕ್ಕೂ ಬಿದ್ದಿದ್ದಳು. ನಿಮ್ಮ ಹತ್ತಿರ ಬರೀ ಓಮ್ ಇದ್ದರೆ, ಒಂದೊಂದೇ ಅಂಕಿಯನ್ನು ಮೊದಲು ವಾಹಕತೆಗೆ ಬದಲಾಯಿಸಿ, ಆಮೇಲೆ ಸರಾಸರಿ ತೆಗೆಯಿರಿ. ಉಲ್ಟಾ ಮಾಡಬೇಡಿ. 100 ಮತ್ತು 500 ಕಿಲೋಓಮ್‌ನ ಸರಾಸರಿ 300, ಅದನ್ನು ಬದಲಾಯಿಸಿದರೆ 3.3 ಮೈಕ್ರೊಸೀಮೆನ್ಸ್. ಆದರೆ 10 ಮತ್ತು 2ರ ಸರಾಸರಿ 6. ಹೆಚ್ಚುಕಡಿಮೆ ಅರ್ಧಕ್ಕರ್ಧ ತಪ್ಪು.

ಹೆಜ್ಜೆ 6: ಹೊಳೆಯ ಮಟ್ಟ ಬೇರೆ, ಅಲೆ ಬೇರೆ

ಗ್ರಾಫ್ ಕೈಗೆ ಬಂದಾಗ ಎರಡು ಸಂಗತಿ ಕಾಣುತ್ತವೆ. ಗೆರೆ ಒಟ್ಟಾರೆ ಯಾವ ಎತ್ತರದಲ್ಲಿದೆ ಅನ್ನುವುದು ಒಂದು. ಅದರ ಮೇಲೆ ಆಗಾಗ ಏಳುವ ಗುಡ್ಡಗಳು ಇನ್ನೊಂದು. ನಿಧಾನವಾಗಿ ಬದಲಾಗುವ ಎತ್ತರಕ್ಕೆ ಟಾನಿಕ್ ಎನ್ನುತ್ತಾರೆ, ದಿಢೀರ್ ಏಳುವ ಗುಡ್ಡಕ್ಕೆ ಫೇಸಿಕ್. ಟಾನಿಕ್ ಅಂದ ತಕ್ಷಣ ಔಷಧಿ ಅಂಗಡಿ ನೆನಪಾದರೆ ತಪ್ಪು ನಿಮ್ಮದಲ್ಲ. ವಾಹಕತೆಯಲ್ಲಿ ಮೊದಲನೆಯದು ಎಸ್‌ಸಿಎಲ್, ಎರಡನೆಯದು ಎಸ್‌ಸಿಆರ್.

ಅಂಗೈಯ ಎಸ್‌ಸಿಎಲ್ ಸಾಮಾನ್ಯವಾಗಿ 2ರಿಂದ 20 ಮೈಕ್ರೊಸೀಮೆನ್ಸ್ ನಡುವೆ ಇರುತ್ತದೆ. ಜನದಿಂದ ಜನಕ್ಕೆ ಭಾರೀ ವ್ಯತ್ಯಾಸ. ಆದ್ದರಿಂದ “ನನ್ನದು 12, ನಿಂದು 4, ನನಗೇ ಟೆನ್ಷನ್ ಜಾಸ್ತಿ” ಅನ್ನುವ ಹೋಲಿಕೆಗೆ ಅರ್ಥವಿಲ್ಲ. ಒಬ್ಬರನ್ನು ಅವರೊಂದಿಗೇ ಹೋಲಿಸಬೇಕು. ವಿಶ್ರಾಂತಿಯಲ್ಲಿ 4 ಇದ್ದವರು ಲೆಕ್ಕ ಮಾಡುವಾಗ 6 ಆದರೆ, ಅದೊಂದು ಸುದ್ದಿ.

ಈಗ ಒಂದೇ ಒಂದು ಗುಡ್ಡವನ್ನು ಹತ್ತಿರದಿಂದ ನೋಡಿ.

ತಟ್ಟೆ ಬಿತ್ತು. ಗೆರೆ ತಕ್ಷಣ ಏಳುವುದಿಲ್ಲ. ಒಂದರಿಂದ ಮೂರು ಸೆಕೆಂಡ್ ಕಾಯಿಸುತ್ತದೆ. ಈ ಕಾಯುವಿಕೆಗೆ ಲೇಟೆನ್ಸಿ ಎನ್ನುತ್ತಾರೆ. ಬೆವರು ಗ್ರಂಥಿಗೆ ಹೋಗುವ ನರತಂತುಗಳು ಬಹಳ ಸಪೂರ, ಸುದ್ದಿ ಒಯ್ಯುವುದು ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನ ವೇಗದಲ್ಲಿ. ನಡೆದುಕೊಂಡು ಹೋಗುವ ಅಂಚೆಯಣ್ಣ ಅನ್ನಿ. ಸದ್ದಾದ ಅರ್ಧ ಸೆಕೆಂಡಿಗೇ ಗುಡ್ಡ ಎದ್ದಿದ್ದರೆ ಅದು ಆ ಸದ್ದಿನದ್ದಲ್ಲ.

ಆಮೇಲೆ ಗೆರೆ ಏರುತ್ತದೆ. ಬುಡದಿಂದ ತುದಿ ತಲುಪಲು ಹಿಡಿದ ಹೊತ್ತು ರೈಸ್ ಟೈಮ್, ಇದೂ ಒಂದರಿಂದ ಮೂರು ಸೆಕೆಂಡ್. ಬುಡದಿಂದ ತುದಿಗೆ ಇರುವ ಎತ್ತರ ಆಂಪ್ಲಿಟ್ಯೂಡ್. ಸೊನ್ನೆಯಿಂದ ಅಲ್ಲ, ಬುಡದಿಂದ! ಇಲ್ಲಿ ಬಹಳ ಜನ ಎಡವುತ್ತಾರೆ. ತುದಿ ದಾಟಿದ ಮೇಲೆ ಗೆರೆ ನಿಧಾನಕ್ಕೆ ಇಳಿಯುತ್ತದೆ. ಪೂರ್ತಿ ಇಳಿಯುವ ಮೊದಲೇ ಇನ್ನೊಂದು ಅಲೆ ಬರಬಹುದು, ಅದಕ್ಕೇ ಅರ್ಧ ಇಳಿಯಲು ಹಿಡಿದ ಹೊತ್ತನ್ನು ಬರೆದುಕೊಳ್ಳುತ್ತಾರೆ. ಅದು ಹಾಫ್ ರಿಕವರಿ ಟೈಮ್, 2ರಿಂದ 10 ಸೆಕೆಂಡ್. ಏರುವಷ್ಟು ಬೇಗ ಇಳಿಯುವುದಿಲ್ಲ. ಸಿಟ್ಟಿನ ಹಾಗೆ.

ಎಷ್ಟು ಚಿಕ್ಕದನ್ನು ಗುಡ್ಡ ಅನ್ನಬೇಕು? ಕಾಗದದ ಮೇಲೆ ಪೆನ್ನಿನಿಂದ ಗೆರೆ ಬರುತ್ತಿದ್ದ ಕಾಲದಲ್ಲಿ 0.05 ಮೈಕ್ರೊಸೀಮೆನ್ಸ್ ಮಿತಿ ಇಟ್ಟುಕೊಂಡಿದ್ದರು. ಈಗ ಕಂಪ್ಯೂಟರ್ ಬಂದ ಮೇಲೆ 0.01ಕ್ಕೂ ಇಳಿಸುತ್ತಾರೆ. ಯಾವುದನ್ನೇ ಹಿಡಿಯಿರಿ, ವರದಿಯಲ್ಲಿ ಬರೆಯಿರಿ.

ಸದ್ದಿಲ್ಲದೆಯೂ ಗುಡ್ಡ ಏಳುತ್ತದೆ. ಸುಮ್ನೆ ಕೂತವರಲ್ಲೂ ನಿಮಿಷಕ್ಕೆ ಒಂದರಿಂದ ಮೂರು ಏಳುವುದು ಮಾಮೂಲು. ಯಾವುದೋ ನೆನಪು ಬಂದಿರಬಹುದು, ಒಂದು ನಿಟ್ಟುಸಿರು ಬಿಟ್ಟಿರಬಹುದು. ಇವಕ್ಕೆ ನಾನ್‌ಸ್ಪೆಸಿಫಿಕ್ ಎಸ್‌ಸಿಆರ್, ಅಂದರೆ ಎನ್‌ಎಸ್-ಎಸ್‌ಸಿಆರ್ ಎಂಬ ಹೆಸರು. ಗೊತ್ತಿರುವ ಪ್ರಚೋದನೆಗೆ ಎದ್ದದ್ದು ಈವೆಂಟ್ ರಿಲೇಟೆಡ್, ಇಆರ್-ಎಸ್‌ಸಿಆರ್. ಉಪಕರಣ ಸರಿ ಇದೆಯಾ ನೋಡಲು ಒಂದು ದೀರ್ಘ ಉಸಿರು ಎಳೆದು ನೋಡಿ. ಗುಡ್ಡ ಎದ್ದರೆ ಎಲ್ಲ ಸರಿ. ಏಳದಿದ್ದರೂ ಕೂಡಲೇ ಸೆನ್ಸರ್ ಬಿಸಾಕಬೇಡಿ. ಪೂರ್ತಿ ಆರೋಗ್ಯವಾಗಿರುವ ಕೆಲವರಲ್ಲೂ ಗುಡ್ಡ ಏಳುವುದಿಲ್ಲ, ಅವರನ್ನು ನಾನ್‌ರೆಸ್ಪಾಂಡರ್ ಎನ್ನುತ್ತಾರೆ. ಕೆಲವು ಮಾತ್ರೆಗಳೂ ಬೆವರನ್ನು ಅಡಗಿಸುತ್ತವೆ. ಅಮಿಟ್ರಿಪ್ಟಿಲಿನ್‌ನಂಥವು ಹಾಗೆ, ಏಕೆಂದರೆ ಬೆವರು ಗ್ರಂಥಿಗೆ ನರ ಸುದ್ದಿ ಮುಟ್ಟಿಸುವುದು ಅಸಿಟೈಲ್‌ಕೋಲಿನ್ ಮೂಲಕ, ಇಂಥ ಮಾತ್ರೆ ಅದಕ್ಕೇ ಅಡ್ಡ ನಿಲ್ಲುತ್ತದೆ.

ಆಂಪ್ಲಿಟ್ಯೂಡ್, ಮ್ಯಾಗ್ನಿಟ್ಯೂಡ್ ಎರಡೂ ಒಂದೇ ಅಂದುಕೊಳ್ಳುವುದು ಸಹಜ. ಇಲ್ಲಿ ಒಂದೇ ಅಲ್ಲ. ತಟ್ಟೆ ಹತ್ತು ಸಲ ಬಿತ್ತು, ಆರು ಸಲ ಮಾತ್ರ ಗುಡ್ಡ ಎದ್ದಿತು, ಆರರ ಒಟ್ಟು ಎತ್ತರ 3 ಮೈಕ್ರೊಸೀಮೆನ್ಸ್ ಅನ್ನಿ. ಎದ್ದ ಆರರಿಂದ ಭಾಗಿಸಿದರೆ 0.5, ಅದು ಸರಾಸರಿ ಆಂಪ್ಲಿಟ್ಯೂಡ್. ಏಳದ ನಾಲ್ಕನ್ನೂ ಸೊನ್ನೆ ಎಂದು ಸೇರಿಸಿ ಹತ್ತರಿಂದ ಭಾಗಿಸಿದರೆ 0.3, ಅದು ಮ್ಯಾಗ್ನಿಟ್ಯೂಡ್. ಒಂದೇ ಹುಡುಗಿ, ಒಂದೇ ತಟ್ಟೆ, ಎರಡು ಉತ್ತರ. ಅಂದ ಹಾಗೆ ಆ ನಾಲ್ಕು ಬಹುಪಾಲು ಕೊನೆಯವೇ ಆಗಿರುತ್ತವೆ. ಏಳನೇ ಸಲ ತಟ್ಟೆ ಬಿದ್ದರೆ ಯಾರು ಬೆಚ್ಚುತ್ತಾರೆ? ಈ ರೂಢಿಯಾಗುವಿಕೆಗೆ ಹ್ಯಾಬಿಚುಯೇಷನ್ ಎನ್ನುತ್ತಾರೆ, ಅದನ್ನೇ ಅಳೆಯುವ ಪ್ರಯೋಗಗಳೂ ಇವೆ.

ಹೆಜ್ಜೆ 7: ಹೋಲುವ ಹೆಸರುಗಳಿಗೆ ಮೋಸ ಹೋಗಬೇಡಿ

ಆಸ್ಪತ್ರೆಯ ನರಪರೀಕ್ಷೆಯ ವರದಿಯಲ್ಲಿ ಎಸ್‌ಎಸ್‌ಆರ್ ಎಂದಿದ್ದರೆ ಅದು ಸಿಂಪಥೆಟಿಕ್ ಸ್ಕಿನ್ ರೆಸ್ಪಾನ್ಸ್. ಮಣಿಕಟ್ಟಿನ ನರಕ್ಕೆ ಸಣ್ಣ ಶಾಕ್ ಕೊಟ್ಟು, ಅಂಗೈ ಅಂಗಾಲಿನ ವಿಭವ ಹೇಗೆ ಬದಲಾಯಿತು ನೋಡುತ್ತಾರೆ. ಸಕ್ಕರೆ ಕಾಯಿಲೆಯಿಂದ ಈ ಸಪೂರ ನರಗಳು ಹಾಳಾಗಿವೆಯೇ ಎಂದು ತಿಳಿಯಲು ಇದು ಬಳಕೆಯಲ್ಲಿದೆ. ಹೊರಗಿನಿಂದ ಶಾಕ್ ಕೊಟ್ಟರಲ್ಲ, ಇದು ಎಕ್ಸೋಸೊಮ್ಯಾಟಿಕ್ ತಾನೇ? ಅಲ್ಲ. ಶಾಕ್ ಬರೀ ಪ್ರಚೋದನೆ, ನಮ್ಮ ತಟ್ಟೆಯ ಸದ್ದಿನ ಹಾಗೆ. ಅಳೆದದ್ದು ಚರ್ಮದ್ದೇ ವಿಭವ. ಹೆಸರು ಬೇರೆ ಇದ್ದರೂ ಇದು ಎಸ್‌ಪಿಆರ್ ಮನೆತನದ್ದೇ.

ಡಯಾಬಿಟಿಸ್ ಕ್ಲಿನಿಕ್ಕಿನಲ್ಲಿ ಲೋಹದ ತಟ್ಟೆಯ ಮೇಲೆ ಅಂಗೈ, ಪಾದ ಇಡಿಸಿ ಮಾಡುವ ಇನ್ನೊಂದು ಪರೀಕ್ಷೆಯಿದೆ. ಅದರ ಉತ್ತರ ಇಎಸ್‌ಸಿ, ಎಲೆಕ್ಟ್ರೋಕೆಮಿಕಲ್ ಸ್ಕಿನ್ ಕಂಡಕ್ಟೆನ್ಸ್. ಯೂನಿಟ್ ಮೈಕ್ರೊಸೀಮೆನ್ಸೇ. ಆದರೆ ಚೆನ್ನಾಗಿರುವ ಪಾದದಲ್ಲಿ ಸಾಮಾನ್ಯವಾಗಿ 60ರ ಮೇಲೆ ಬರುತ್ತದೆ. ವಿಧಾನವೇ ಬೇರೆ, ತಟ್ಟೆಯ ಅಳತೆಯೇ ಬೇರೆ. ಅದನ್ನು ಬೆರಳಿನ ಎಸ್‌ಸಿಎಲ್ ಜೊತೆ ಇಟ್ಟು ನೋಡಿ ಗಾಬರಿಯಾಗಬೇಡಿ.

ಕೈಗಡಿಯಾರಗಳಲ್ಲೂ ಈಗ ಇಡಿಎ ಎಂದು ಬರೆದಿರುತ್ತದೆ. 2020ರಲ್ಲಿ ಬಂದ ಫಿಟ್‌ಬಿಟ್ ಸೆನ್ಸ್‌ನಲ್ಲಿ ವಾಚಿನ ಮೇಲೆ ಅಂಗೈ ಇಟ್ಟು ಅಳೆಯಬೇಕಿತ್ತು. ಅಂಗೈಯೇ ಯಾಕೆ ಎಂದು ಮೊದಲ ಹೆಜ್ಜೆಯಲ್ಲೇ ನೋಡಿದೆವಲ್ಲ. ಮಣಿಕಟ್ಟಿನಿಂದಲೇ ಸದಾ ಅಳೆಯುವ ಉಪಕರಣಗಳೂ ಇವೆ, ಆದರೆ ಅಲ್ಲಿ ಬೆವರಿನ ಮಾತು ಅಷ್ಟು ಜೋರಾಗಿ ಕೇಳಿಸುವುದಿಲ್ಲ. ಇನ್ನು ‘ಸ್ಟ್ರೆಸ್ ಸ್ಕೋರ್ 74’ ಅನ್ನುವುದು ಅಳತೆಯೇ ಅಲ್ಲ, ಹಲವು ಅಳತೆ ಕಲಸಿ ಕಂಪನಿ ಮಾಡಿದ ಚಿತ್ರಾನ್ನ. ಬ್ಯೂಟಿಪಾರ್ಲರಿನ ‘ಗ್ಯಾಲ್ವಾನಿಕ್ ಫೇಷಿಯಲ್’ಗೂ ಇದಕ್ಕೂ ಸಂಬಂಧವಿಲ್ಲ.

ಹೆಜ್ಜೆ 8: ಎಲ್ಲಿ, ಯಾವುದರಿಂದ, ಎಂಥ ರೂಮಿನಲ್ಲಿ?

ಎಲೆಕ್ಟ್ರೋಡ್, ಅಂದರೆ ಚರ್ಮಕ್ಕೆ ತಾಗುವ ಬಿಲ್ಲೆ, ಬೆಳ್ಳಿ ಮತ್ತು ಸಿಲ್ವರ್ ಕ್ಲೋರೈಡಿನದ್ದಾಗಿದ್ದರೆ ಒಳ್ಳೆಯದು. ಜೆಲ್ ಬಗ್ಗೆ ಎಚ್ಚರ. ಇಸಿಜಿಗೆ ಹಚ್ಚುವ ಜೆಲ್ಲಿನಲ್ಲಿ ಉಪ್ಪು ಜಾಸ್ತಿ, ಅದು ಇಲ್ಲಿ ಬೇಡ. ಬೆವರಿನಷ್ಟೇ ಉಪ್ಪಿರುವ, ಸುಮಾರು 0.5 ಪರ್ಸೆಂಟಿನ ಜೆಲ್ ಬೇಕು. ಜಾಗ ಸಾಮಾನ್ಯವಾಗಿ ತೋರುಬೆರಳು, ನಡುಬೆರಳುಗಳ ಮಧ್ಯದ ಗೆಣ್ಣು ಅಥವಾ ಅಂಗೈಯ ಬುಡದಲ್ಲಿ ಉಬ್ಬಿರುವ ಎರಡು ದಿಂಡುಗಳು. ಕೈಯನ್ನು ಬರೀ ನೀರಿನಲ್ಲಿ ತೊಳೆಸಿ, ಸೋಪು ಬೇಡ. ಎಲೆಕ್ಟ್ರೋಡ್ ಹಚ್ಚಿ ಐದು ಹತ್ತು ನಿಮಿಷ ಕಾದು ಶುರು ಮಾಡಿ. ಮೇ ತಿಂಗಳ ಮಂಗಳೂರಿನ ಅಂಕಿಯನ್ನು ಡಿಸೆಂಬರಿನ ಬೆಂಗಳೂರಿನ ಅಂಕಿಯ ಜೊತೆ ಹೋಲಿಸುವಾಗ ರೂಮಿನ ಉಷ್ಣತೆ, ತೇವ ಬರೆದಿಲ್ಲದಿದ್ದರೆ ನೀವು ಹೋಲಿಸುತ್ತಿರುವುದು ಹವಾಮಾನವನ್ನು.

ಮನೆಯಲ್ಲೇ ಆರ್ಡುಯಿನೋದಿಂದ ಮಾಡುವವರಿಗೆ ಒಂದು ಮಾತು. ಬೆರಳಿಗೆ ಎಲೆಕ್ಟ್ರೋಡ್ ಕಟ್ಟಿರುವಾಗ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಡಿ. ಬ್ಯಾಟರಿಯಲ್ಲೇ ನಡೆಸಿ. ಗೋಡೆಯ 230 ವೋಲ್ಟಿಗೂ ಗೆಳತಿಯ ಬೆರಳಿಗೂ ನಡುವೆ ಯಾವ ದಾರಿಯೂ ಇರಬಾರದು.

ಹೆಜ್ಜೆ 9: ಅಂಕಿ ಏನು ಹೇಳುವುದಿಲ್ಲ ಅನ್ನುವುದನ್ನೂ ಓದಿ

ಇಡಿಎ ಹೇಳುವುದು ಅರೌಸಲ್ ಬಗ್ಗೆ. ಅಂದರೆ ಮೈ ಎಷ್ಟು ಎಚ್ಚೆತ್ತಿದೆ, ಎಷ್ಟು ಕೆರಳಿದೆ ಎಂದು. ಯಾಕೆ ಎಂದು ಅದಕ್ಕೆ ಗೊತ್ತಿಲ್ಲ. ಹಾವು ಕಂಡರೂ ಗುಡ್ಡ ಏಳುತ್ತದೆ, ಲಾಟರಿ ಹೊಡೆದರೂ ಏಳುತ್ತದೆ, ಕೆಮ್ಮಿದರೂ ಏಳುತ್ತದೆ.

ಪಾಲಿಗ್ರಾಫ್ ಯಂತ್ರ ಉಸಿರಾಟ, ರಕ್ತದೊತ್ತಡ, ನಾಡಿಯ ಜೊತೆ ಅಳೆಯುವುದು ಇದೇ ಇಡಿಎಯನ್ನು. ಜನ ಅದನ್ನು ಸುಳ್ಳು ಪತ್ತೆ ಯಂತ್ರ ಅನ್ನುತ್ತಾರೆ. ಅದರಲ್ಲಿ ಸುಳ್ಳನ್ನು ಅಳೆಯುವ ತಂತಿ ಯಾವುದೂ ಇಲ್ಲ. ನಿರಪರಾಧಿಯೂ ಪೊಲೀಸರ ಮುಂದೆ ಬೆವರುತ್ತಾನೆ. ಇದರ ಬಗ್ಗೆ ದೇಶಕ್ಕೇ ಅನ್ವಯಿಸುವ ತೀರ್ಪು ಬಂದದ್ದು ನಮ್ಮ ರಾಜ್ಯದ ಹೆಸರಿರುವ ಪ್ರಕರಣದಲ್ಲಿ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆ ಇಲ್ಲದೆ ಯಾರಿಗೂ ಪಾಲಿಗ್ರಾಫ್, ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಬಾರದು ಎನ್ನುವ ಸಂವಿಧಾನದ 20(3)ನೇ ವಿಧಿ ಇದರ ಬುನಾದಿ. ಒಪ್ಪಿ ಮಾಡಿಸಿಕೊಂಡರೂ ಫಲಿತಾಂಶವನ್ನೇ ಸಾಕ್ಷಿ ಎಂದು ಒಪ್ಪಲಾಗದು ಎಂದೂ ಕೋರ್ಟ್ ಹೇಳಿತು.

ನಮ್ಮ ಹುಡುಗಿ ಭಾನುವಾರವಿಡೀ ಕೂತು ಅಂಕಿಗಳನ್ನೆಲ್ಲ ಬದಲಾಯಿಸಿದಳು. ರಾತ್ರಿ ಹೊಸ ಸಾಲು ಕಳಿಸಿದಳು: “ಎಸ್‌ಸಿಎಲ್ 5.2 ಮೈಕ್ರೊಸೀಮೆನ್ಸ್ ಇತ್ತು. ತಟ್ಟೆಯ ಸದ್ದಾದ 1.8 ಸೆಕೆಂಡಿಗೆ ಎಸ್‌ಸಿಆರ್ ಶುರುವಾಯಿತು. ಆಂಪ್ಲಿಟ್ಯೂಡ್ 0.4 ಮೈಕ್ರೊಸೀಮೆನ್ಸ್, ಹಾಫ್ ರಿಕವರಿ ಟೈಮ್ 4 ಸೆಕೆಂಡ್. ಎಲೆಕ್ಟ್ರೋಡ್ ಜಾಗ ತೋರುಬೆರಳು ಮತ್ತು ನಡುಬೆರಳು.”

ಎಡಗೈಯೋ ಬಲಗೈಯೋ ಬರೆದಿಲ್ಲ. ಬೆಳಿಗ್ಗೆ ಫೋನ್ ಮಾಡಿ ಕೇಳಬೇಕು.